ಬೊಂಡಾಸ ಮತ್ತು ಕೌಜುಗ

ಸ್ವಾತಂತ್ರ್ಯ ಬಂದು ಮೊದಲ ಸುಗ್ಗಿಯ ಕಾಲ. ಗದಗ, ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದೊಳಗಿದ್ದವು. ಲಕ್ಷ್ಮೇಶ್ವರಕ್ಕೆ ಹೋದರೆ ಮಿರಜದ ಅರಸರ ಆಳಿಕೆ, ಶಿರಹಟ್ಟಿಗೆ ಹೋದರೆ ಸಾಂಗಲಿಯವರದು. ಸಿಂಗಟಾಲೂರಿನ ಹತ್ತಿರ ತುಂಗಭದ್ರೆ ದಾಟಿದರೆ ಮದ್ರಾಸ್. ಮುಂಡರಗಿಯಿಂದ ಮೂಡಲಕ್ಕೆ ನಡೆದು ಒಂದು ಹಳ್ಳ ದಾಟಿದರೆ ನಿಜಾಮರ ಸೀಮೆ. ಎಲ್ಲ ಕಡೆಯೂ ಜನ ಆಡುತ್ತಿದ್ದುದು ಕನ್ನಡ, ಉಣ್ಣುತ್ತಿದ್ದುದು ಜೋಳದ ರೊಟ್ಟಿ. ಇವೆಲ್ಲ ಕೂಡಿ ಒಂದು ರಾಜ್ಯವಾಗುವುದು ಇನ್ನೂ ಎಷ್ಟೋ ವರ್ಷ ಮುಂದಿನ ಮಾತು. ಆಗ ಮಾತ್ರ, ಹಳ್ಳದ ಈ ದಂಡೆಯಲ್ಲಿ ಶಾಲೆಯ ಮಕ್ಕಳು ಬಾವುಟ ಹಿಡಿದು ಹಾಡುತ್ತ ಹೋಗುತ್ತಿದ್ದರೆ, ಆ ದಂಡೆಯಲ್ಲಿ ಅದೇ ಬಾವುಟ ಏರಿಸಿದವರನ್ನು ಕುದುರೆ ಸವಾರರು ಹುಡುಕುತ್ತಿದ್ದರು.

ಆಚೆಯಿಂದ ತಪ್ಪಿಸಿಕೊಂಡು ಬಂದವರಿಗಾಗಿ ಮುಂಡರಗಿಯಲ್ಲಿ ಒಂದು ಶಿಬಿರ ನಡೆದಿತ್ತು. ಹತ್ತಿ ವ್ಯಾಪಾರದ ನಿಜಲಿಂಗಪ್ಪ ಸಾಹುಕಾರರು ತಮ್ಮ ಹತ್ತಿಬೀಜ ಬಿಡಿಸುವ ಜಿನ್ನಿನ ಶೆಡ್ಡನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದರು. ಬೆಟಗೇರಿಯ ನೇಕಾರರ ಮನೆಯ ಅಮೃತವ್ವ ಬಂದು ಅಲ್ಲಿಯ ಅಡಿಗೆ ಹೊತ್ತುಕೊಂಡಿದ್ದಳು. ಆ ಶೆಡ್ಡಿನ ಬಾಗಿಲಲ್ಲಿ ದಿನಾ ಬೆಳಿಗ್ಗೆ ಇಬ್ಬರ ಜಗಳ ನಡೆಯುತ್ತಿತ್ತು.

ಒಬ್ಬ ಹುಲಗಪ್ಪ. ಕಪ್ಪತಗುಡ್ಡದ ಬುಡದ ಊರಿನವನು, ಹಕ್ಕಿ ಹಿಡಿಯುವವರ ಮನೆತನ. ಅವನ ಜೀವವೆಲ್ಲ ಕೌಜುಗದ ಮೇಲೆ. ಊರವರ ಬಾಯಲ್ಲಿ ಅದು ಕವಜಗ: ಕೋಳಿಗಿಂತ ಸಣ್ಣದು, ಮಣ್ಣುಬಣ್ಣದ್ದು, ಹಾರಲು ರೆಕ್ಕೆಯಿದ್ದರೂ ನೆಲದ ಮೇಲೇ ಓಡಾಡಿ ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿ. ಸಾಕಿದ ಒಂದು ಗಂಡು ಕೌಜುಗವನ್ನು ಬಿದಿರಿನ ಪಂಜರದಲ್ಲಿಟ್ಟು ಹೋದಲ್ಲೆಲ್ಲ ಒಯ್ಯುತ್ತಿದ್ದ. ಅದು ಕೂಗಿದರೆ ಕಾಡಿನ ಕೌಜುಗಗಳು ಜಗಳಕ್ಕೆ ಓಡಿ ಬಂದು ಬಲೆಗೆ ಬೀಳುತ್ತಿದ್ದವು.

ಇನ್ನೊಬ್ಬ ಬೊಮ್ಮಯ್ಯ. ಅಂಕೋಲೆಯ ಕಡಲ ದಂಡೆಯ ಮೀನುಗಾರ. ನಲವತ್ತೆರಡರ ಚಳವಳಿಯಲ್ಲಿ ಜೈಲಿಗೆ ಹೋದಾಗ ನಿಜಲಿಂಗಪ್ಪನವರ ಪಕ್ಕದಲ್ಲೇ ಮಲಗಿದ್ದವನು. ಆ ಗೆಳೆತನಕ್ಕೆ ಕಟ್ಟುಬಿದ್ದು ಘಟ್ಟ ಹತ್ತಿ ಇಷ್ಟು ದೂರದ ಬಯಲಿಗೆ ಬಂದಿದ್ದ. ಇಲ್ಲಿಯ ಒಣಗಾಳಿಗೆ ಅವನ ತುಟಿ ಒಡೆದಿತ್ತು, ಮಾತು ಮಾತ್ರ ಒಣಗಿರಲಿಲ್ಲ.

"ಅಡಗಿ ಕುಂಡ್ರೂದರಾಗ ಕವಜಗದಂಥಾದ್ದು ಈ ಭೂಮಿ ಮ್ಯಾಲೆ ಇನ್ನೊಂದಿಲ್ಲ," ಎಂದು ಹುಲಗಪ್ಪ ಒಂದು ದಿನ ಹೇಳಿದ್ದೇ ಜಗಳಕ್ಕೆ ಮೂಲ. "ನಿನ್ನ ಕಾಲಬುಡಕ ಕುಂತಿರತೈತಿ, ನಿನಗ ಕಾಣಂಗಿಲ್ಲ."

"ಭೂಮಿ ಮೇಲೆ ಇರ್ಲಿಕ್ಕಿಲ್ಲ ಮಾರಾಯ," ಎಂದ ಬೊಮ್ಮಯ್ಯ. "ನೀರೊಳಗೆ ಅದೆ. ಬೊಂಡಾಸ."

ಬೊಂಡಾಸ ಎಂದರೇನು ಎಂದು ಶೆಡ್ಡಿನಲ್ಲಿ ಯಾರಿಗೂ ತಿಳಿಯದು. ಬೊಮ್ಮಯ್ಯ ತನ್ನ ಚೀಲದಿಂದ ಒಣಗಿಸಿದ್ದೊಂದನ್ನು ತೆಗೆದು ತೋರಿಸಿದ. ಬೆರಳುದ್ದದ, ಚಪ್ಪಟೆಯಾದ, ತುದಿಗೆ ಎಳೆಎಳೆಯಾಗಿ ಬೇರಿನಂಥದ್ದು ಜೋತುಬಿದ್ದ ವಸ್ತು. ಹುಲಗಪ್ಪ ಅದನ್ನು ತಿರುವಿ ಮುರುವಿ ನೋಡಿದ.

"ಇದೇನು ಹಳೇ ಚಪ್ಪಲಿ ತುಂಡೇನೋ?"

"ಜೀವ ಇದ್ದಾಗ ನೋಡ್ಬೇಕು ನೀ. ಎಲುಬಿಲ್ಲ, ಮುಳ್ಳಿಲ್ಲ, ತಲೆಗೇ ಕೈಕಾಲು. ಉಸುಕಿನೊಳಗೆ ಹುಗಿದುಕೊಂಡು ಕಣ್ಣು ಎರಡೇ ಹೊರಗಿಟ್ಟು ಕೂರ್ತದೆ. ಉಸುಕಿನ ಮೇಲೆ ಉಸುಕಿನ ಬಣ್ಣ, ಕಲ್ಲಿನ ಮೇಲೆ ಬಂದ್ರೆ ಕಲ್ಲಿನ ಬಣ್ಣ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬದಲು. ಅಷ್ಟಕ್ಕೂ ಮೀನು ಬೆನ್ನು ಹತ್ತಿತೋ, ಪಿಚಕ್ ಅಂತ ಮಸಿ ಉಗುಳಿ ಹಿಂದೆ ಹಿಂದೆ ಜಿಗಿದು ಹೋಗ್ತದೆ. ಆ ಮಸಿ ಕಣ್ಣು ಮಾತ್ರ ಅಲ್ಲ, ಮೀನಿನ ಮೂಗನ್ನೂ ಕೆಡಿಸ್ತದೆ. ಎದುರಿಗಿದ್ದದ್ದು ಏನಾಯ್ತು ಅಂತ ಅದಕ್ಕೆ ವಾಸನೆಯೂ ಸಿಗೂದಿಲ್ಲ."

"ಹಂಗಾರ ಅಂಜುಬುರಕ ಅನ್ನು," ಹುಲಗಪ್ಪ ನಕ್ಕ. "ನಮ್ಮ ಕವಜಗ ಓಡಂಗಿಲ್ಲ. ಬ್ಯಾಟಿನಾಯಿ ಬಂದು ಮೂಸಿದರೂ ಕಲ್ಲಿನಂಗ ಕುಂದರತೈತಿ. ಮರಿ ಇದ್ದಾಗಂತೂ ಕೇಳಬ್ಯಾಡ. ಅವ್ವ ಒಂದು ಕೂಗು ಹಾಕಿದಳಂದ್ರ ಮರಿ ಎಲ್ಲಿದ್ದಾವೋ ಅಲ್ಲೇ ನೆಲಕ್ಕ ಹತ್ತಿ ಬಿಡತಾವ. ಆಕಿ ರೆಕ್ಕಿ ಮುರದಂಗ ನಾಟಕ ಮಾಡಿ, ಕುಂಟಕೋತ ಕುಂಟಕೋತ ನರಿನ್ನ ದೂರ ಕರಕೊಂಡು ಹೋಗತಾಳ. ನಿನ್ನ ಬೊಂಡಾಸಕ್ಕ ಅವ್ವ ಅದಾಳೇನು?"

ಬೊಮ್ಮಯ್ಯ ಆ ಒಣಗಿದ್ದನ್ನು ತಿರುಗಿ ಚೀಲಕ್ಕೆ ಹಾಕಿಕೊಂಡ. "ಇಲ್ಲ," ಎಂದ. "ಮೊಟ್ಟೆ ಇಟ್ಟು ತಾಯಿ ಸತ್ತೇ ಹೋಗ್ತದೆ. ಮರಿ ಹುಟ್ಟುತ್ತಲೇ ಒಂಟಿ. ಹುಟ್ಟುವಾಗಲೇ ಮಸಿ ತುಂಬಿಕೊಂಡು ಹುಟ್ತದೆ."

"ನೋಡು ಮತ್ತ," ಎಂದು ಹುಲಗಪ್ಪ ಮೀಸೆ ತಿರುವಿದ. ಅಮೃತವ್ವ ಒಲೆಯ ಮುಂದಿನಿಂದಲೇ, "ಇಬ್ಬರೂ ಕಟಗಿ ಒಡದು ಕೊಟ್ಟು ಆಮ್ಯಾಲೆ ಜಗಳಾಡ್ರಿ," ಎಂದಳು.

ಅದು ಹೀಗೇ ನಗೆಚಾಟಿಕೆಯಾಗಿ ಉಳಿಯುತ್ತಿತ್ತು, ಮರ್ದಾನಸಾಬ ಆ ಸುದ್ದಿ ತರದಿದ್ದರೆ.

ಮರ್ದಾನಸಾಬ ಮುಂಡರಗಿಯ ಗಾಡಿಯವನು. ಶೇಂಗಾ ಹಿಂಡಿ ಹೇರಿಕೊಂಡು ಗಡಿಯಾಚೆಯ ಸಂತೆಗಳಿಗೆ ಹೋಗಿ ಬರುತ್ತಿದ್ದ. ಗಡಿ ಕಾಯುವ ನಾಕಾದವರಿಗೆಲ್ಲ ಅವನ ಪರಿಚಯವಿತ್ತು, ಗಾಡಿ ತಡೆಯುತ್ತಿರಲಿಲ್ಲ. ಆ ಮಧ್ಯಾಹ್ನ ಗಾಡಿ ಬಿಡುವುದಕ್ಕೂ ನಿಲ್ಲದೆ ನೇರ ಹುಲಗಪ್ಪನ ಹತ್ತಿರ ಬಂದ.

"ಹುಲಗಪ್ಪಾ, ನಿನ್ನ ತಂಗಿ ಖಬರ ಐತಿ."

ಹುಲಗಪ್ಪನ ತಂಗಿ ಕರೆವ್ವನನ್ನು ಗಡಿಯಾಚೆಯ ಊರಿಗೆ ಕೊಟ್ಟಿದ್ದರು. ಅವಳ ಗಂಡನನ್ನು ಹಿಂದಿನ ತಿಂಗಳು ಹಿಡಿದೊಯ್ದು ಜೈಲಿಗೆ ಹಾಕಿದ್ದರು. ಗಂಡಸರು ಹೋದರೇನಾಯಿತೆಂದು ಕರೆವ್ವ, ಅವಳ ಅತ್ತೆ ದುರಗವ್ವ, ಓಣಿಯ ಹೆಂಗಸರು ಸೇರಿ ಹಾಡುಹಗಲೇ ಊರ ಚಾವಡಿಯ ಮೇಲೆ ಬಾವುಟ ಏರಿಸಿಬಿಟ್ಟಿದ್ದರು. ಈಗ ಅವರೆಲ್ಲರನ್ನೂ ಹಿಡಿಯಲು ಹುಕುಂ ಆಗಿತ್ತು. ಹೆಂಗಸರು, ಮಕ್ಕಳು, ಕರೆವ್ವನ ಕಂಕುಳಲ್ಲಿ ಮೊಲೆ ಬಿಡದ ಕೂಸು, ಎಲ್ಲರೂ ಹಳ್ಳದಾಚೆಯ ಬಿಳಿಜೋಳದ ಹೊಲಗಳಲ್ಲಿ ಅಡಗಿದ್ದರು. ಜೋಳ ಕೊಯ್ಲಿಗೆ ಬಂದಿತ್ತು. ಕೊಯ್ದುಬಿಟ್ಟರೆ ಅಡಗಲು ಜಾಗವೇ ಇರುವುದಿಲ್ಲ.

"ರಾತ್ರಿ ದಾಟಿಸಿದರ ಹ್ಯಾಂಗ?" ಎಂದರು ನಿಜಲಿಂಗಪ್ಪ.

"ರಾತ್ರಿ ಹಳ್ಳದುದ್ದಕ್ಕೂ ಬೆಂಕಿ ಹಾಕಿಕೊಂಡು ಕಾವಲಾ ಕುಂದರತಾರ್ರಿ ಸಾವ್ಕಾರ್ರ," ಎಂದ ಮರ್ದಾನಸಾಬ. "ನಾಯಿನೂ ಬಿಟ್ಟಿರತಾರ. ಹಗಲಿ ಬಿಸಲು ಏರಿದಾಗಷ್ಟ, ಬೇವಿನಗಿಡದ ಬುಡಕ ಕುದರಿ ಕಟ್ಟಿ ಉಣಾಕ ಕುಂದರತಾರ. ಆದರ ಅಲ್ಲಿಂದ ಹಳ್ಳಕ್ಕ ಇಳಿಯೂ ಇಡೀ ಇಳಕಲಾ ಕಾಣತೈತಿ."

ಹುಲಗಪ್ಪ ನೆಲದ ಮೇಲೆ ಕುಳಿತು ಕಡ್ಡಿಯಿಂದ ಗೆರೆ ಎಳೆದ. ಆ ನೆಲ ಅವನು ಮೆಟ್ಟಿ ಬೆಳೆದದ್ದು. ಜೋಳದ ಹೊಲ ಮುಗಿದ ಮೇಲೆ ಹತ್ತಿ ಬಿಡಿಸಿ ಬರಿದಾದ ಕರಿ ಎರೆಹೊಲ. ಅದು ಮುಗಿದ ಮೇಲೆ ಕೆಂಪು ಗರಸಿನ ಬೀಳು, ಹಳ್ಳದ ತನಕ ಇಳಿಜಾರು. ಮರವಿಲ್ಲ, ಪೊದೆಯಿಲ್ಲ. ಅವನು ಹೇಳಿದ: "ಕವಜಗದಂಗ ಹೋಗಬೇಕು. ಸವಾರರು ಇತ್ತ ನೋಡಿದರ ನೆಲಕ್ಕ ಹತ್ತಬೇಕು, ಅತ್ತ ನೋಡಿದರ ತೆವಳಬೇಕು. ನಾ ಮುಂದ ಕುಂತು ಹಕ್ಕಿ ಕೂಗು ಕೂಗತೀನಿ. ಕರೆಯೂ ಕೂಗು ಹಾಕಿದರ ಮುಂದ ಬರಬೇಕು, ಬೆದರಿದ ಕೂಗು ಹಾಕಿದರ ಅಲ್ಲೇ ಬೀಳಬೇಕು. ಕರೆವ್ವಗ ಎರಡೂ ಗೊತ್ತೈತಿ, ನನ್ನ ಕೂಡ ಹಕ್ಕಿ ಹಿಡಕೋತ ಅಡ್ಡಾಡಿದಾಕಿ. ಮೈಮ್ಯಾಲೆ ಕರಿ ಕಂಬಳಿ ಇದ್ದರ ಎರಿಹೊಲದಾಗ ಯಾರಿಗೂ ಕಾಣಂಗಿಲ್ಲ."

"ಕರಿಹೊಲ ದಾಟಿದ ಮೇಲೆ?" ಎಂದ ಬೊಮ್ಮಯ್ಯ.

ಬೊಮ್ಮಯ್ಯ ಪಂಜರ ಎತ್ತಿಕೊಂಡು ಹೊರಗೆ ನಡೆದ. ಶೆಡ್ಡಿನ ಹಿಂದೆ ಒಂದು ಕರಿಹೊಲವಿತ್ತು, ಅದರ ಅಂಚಿಗೆ ಗರಸಿನ ದಿಬ್ಬ. ಕೌಜುಗದ ಕಾಲಿಗೆ ದಾರ ಕಟ್ಟಿ ಅದನ್ನು ಮೊದಲು ಗರಸಿನ ಮೇಲೆ ಬಿಟ್ಟ. ಹಕ್ಕಿ ಒಂದೆರಡು ಹೆಜ್ಜೆ ಓಡಿ ಕುಳಿತುಕೊಂಡಿತು, ಅಷ್ಟೇ, ಇಲ್ಲವಾಯಿತು. ನಿಜಲಿಂಗಪ್ಪ ಕನ್ನಡಕ ಒರೆಸಿಕೊಂಡು ಹುಡುಕಿದರೂ ಸಿಗಲಿಲ್ಲ. ಆಮೇಲೆ ಅದನ್ನೇ ಕರಿಹೊಲದ ನಡುವೆ ಬಿಟ್ಟ. ಹಕ್ಕಿ ಎಷ್ಟು ಅಲುಗದೆ ಕುಳಿತರೂ ದೂರದಿಂದ ಎದ್ದು ಕಾಣುತ್ತಿತ್ತು.

"ನಿನ್ನ ಹಕ್ಕಿಗೆ ಒಂದೇ ಅಂಗಿ ಹುಲಗಪ್ಪ," ಎಂದ ಬೊಮ್ಮಯ್ಯ. "ನಮ್ಮ ಬೊಂಡಾಸಕ್ಕೆ ಬೇಕಾದಷ್ಟು. ನಿನ್ನ ತಂಗಿಗೆ ಎರಡಾದ್ರೂ ಬೇಕು."

ಅಮೃತವ್ವ ದಿಬ್ಬದಿಂದ ಒಂದು ಹಿಡಿ ಕೆಂಪು ಗರಸು ಎತ್ತಿಕೊಂಡು ಅಂಗೈಯಲ್ಲಿ ತಿಕ್ಕಿ ನೋಡಿದಳು. "ಇದೇ ಬಣ್ಣ ಬೇಕಲ್ಲ? ಇದೇ ಮಣ್ಣಾಗ ಕುದಿಸಿದರಾತು," ಎಂದಳು. ಬೆಟಗೇರಿಗೆ ಹೇಳಿಕಳಿಸಿ, ಮಗ್ಗದಿಂದ ಇಳಿದ ಹಸಿ ಬಟ್ಟೆ ತರಿಸಿದಳು. ಕೆಮ್ಮಣ್ಣು, ಜಾಲಿ ತೊಗಟೆ ಹಾಕಿ ದೊಡ್ಡ ಕಡಾಯಿಯಲ್ಲಿ ಕುದಿಸಿ, ಒಣಗಿದ ಮೇಲೆ ಒಂದೊಂದನ್ನೂ ಒಂದೊಂದು ಕರಿ ಕಂಬಳಿಯ ಒಳಮೈಗೆ ಹೊಲಿದಳು. ಮೇಲೆ ಎರೆಹೊಲ, ಮಗುಚಿದರೆ ಗರಸು. ಹೊಲಿಗೆಗೆ ಶಿಬಿರದ ಹೆಂಗಸರೆಲ್ಲ ಕೂತರು. ನಿಜಲಿಂಗಪ್ಪನವರೂ ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೂತಿದ್ದರು.

ಬೊಮ್ಮಯ್ಯ ತಾನೇ ಮೊದಲು ಅದನ್ನು ಹೊದ್ದು ಪರೀಕ್ಷೆಗೆ ಮಲಗಿದ. ಬಣ್ಣವೇನೋ ಸೇರಿತು, ಆದರೆ ಅವನು ಸುಮ್ಮನಿರಲಾರದೆ ಹೋದ. ಇರುವೆ ಕಚ್ಚಿತೆಂದು ಒಮ್ಮೆ, ಮೂಗು ತುರಿಸಿತೆಂದು ಒಮ್ಮೆ ಅಲುಗಿದ. ಹುಲಗಪ್ಪ ಬಿದ್ದು ಬಿದ್ದು ನಕ್ಕ. "ಬಣ್ಣ ನಿಂದು, ಕುಂಡ್ರೂದು ನಂದು. ನೀ ಆಚೀಕಡಿ ಬರಬ್ಯಾಡ. ಈ ದಂಡಿಮ್ಯಾಲೆ ಇರು."

"ಇರ್ತೆ," ಎಂದ ಬೊಮ್ಮಯ್ಯ, ಬೇಸರಪಡದೆ. "ಆದ್ರೆ ಸುಮ್ನೆ ಇರೂದಿಲ್ಲ. ಮಸಿ ಬೇಕಲ್ಲ."

ಅವನು ದಿನಾ ಹಳ್ಳದ ದಂಡೆಗೆ ಹೋಗಿ ಒಂದು ಹಿಡಿ ಹೊಟ್ಟು ತೂರಿ ಗಾಳಿ ನೋಡಿ ಬರುತ್ತಿದ್ದ. ಗಾಳಿ ನೋಡುವುದು ದೋಣಿಯವರಿಗೆ ಉಸಿರಾಟದಷ್ಟೇ ಸಹಜ. ಬೆಳಿಗ್ಗೆ ಗಾಳಿ ಈ ಕಡೆಗೆ ಬೀಸುತ್ತಿತ್ತು, ಬಿಸಿಲೇರಿದ ಮೇಲೆ ತಿರುಗಿ ಪಡುವಣದಿಂದ ಆ ದಂಡೆಗೆ ಬೀಸುತ್ತಿತ್ತು. ಗದಗಿನ ಪೇಟೆಯಿಂದ ಮರ್ದಾನಸಾಬ ಚೀಲಗಟ್ಟಲೆ ಕೊಳೆತ ಒಣಮೆಣಸಿನಕಾಯಿ, ತೊಟ್ಟು, ಬೀಜ ಹೇರಿಕೊಂಡು ಬಂದ. ಹಳ್ಳದ ಈ ದಂಡೆಯಲ್ಲಿ ರೈತರು ಹತ್ತಿಕಟ್ಟಿಗೆ ಒಟ್ಟುವಂತೆ ಅಲ್ಲಲ್ಲಿ ಬಣವೆ ಒಟ್ಟಿದರು. ಒಳಗೆ ಹಸಿ ಹುಲ್ಲು, ಅದರ ನಡುವೆ ಮೆಣಸಿನಕಾಯಿ.

ದಾಟುವ ದಿನ ಮರ್ದಾನಸಾಬನ ಗಾಡಿ ಎಂದಿನಂತೆ ನಾಕಾ ದಾಟಿ ಹೋಯಿತು. ಹಿಂಡಿಯ ಕೆಳಗೆ ಕಂಬಳಿಗಳಿದ್ದವು. ಹುಲಗಪ್ಪ ಪಂಜರ ಹಿಡಿದು ಕಾಲುದಾರಿಯಲ್ಲಿ ಹೋದ. ಹಕ್ಕಿ ಹಿಡಿಯುವವನಿಗೆ ಗಡಿಯೇನು, ಸವಾರರು ಅವನನ್ನು ತಲೆಯೆತ್ತಿಯೂ ನೋಡಲಿಲ್ಲ. ಜೋಳದ ದಂಟುಗಳ ನಡುವೆ ತಂಗಿಯನ್ನು ಕಂಡು ಕುಕ್ಕರಿಸಿ ಅವಳ ತಲೆ ಸವರಿದ. ಕರೆವ್ವ ಬಡವಾಗಿದ್ದಳು, ಕಣ್ಣು ಮಾತ್ರ ಹಿಂದಿನಂತೆಯೇ ಹೊಳೆಯುತ್ತಿದ್ದವು.

"ಯಣ್ಣಾ, ಬಂದೀ?" ಎಂದಳು. ಅಷ್ಟೇ. ಅಳಲಿಲ್ಲ.

ಮುದುಕಿ ದುರಗವ್ವ ಮರ್ದಾನಸಾಬ ಇಳಿಸಿ ಹೋದ ಕಂಬಳಿಯನ್ನು ಎರಡೂ ಬದಿ ತಿರುಗಿಸಿ ನೋಡಿದಳು. "ಇದನ್ಯಾರು ಕಲಿಸಿದರಪಾ ನಿಮಗ?"

"ಸಮುದ್ರದಾಗಿನ ಒಂದು ಹುಳಾ, ಅತ್ತಿ," ಎಂದ ಹುಲಗಪ್ಪ. "ಕೆಂಪು ನೆಲಾ ಬಂದ ಕೂಡಲೇ ಮಗಚಿ ಹೊದ್ದುಕೋರಿ. ಕೂಗು ಕೇಳಿದರ ಉಸರೂ ಬಿಡಬ್ಯಾಡ್ರಿ."

ಬಿಸಿಲು ನೆತ್ತಿಗೇರಿತು. ಸವಾರರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಹುಲಗಪ್ಪ ಮುಂದೆ ತೆವಳಿ ಹೋಗಿ, ಎರೆಹೊಲದ ಒಡ್ಡಿನ ಮರೆಯಲ್ಲಿ ಕುಳಿತು ಕರೆಯುವ ಕೂಗು ಹಾಕಿದ. ಜೋಳದ ಅಂಚಿನಿಂದ ಕರಿ ಕಂಬಳಿಗಳು ಒಂದೊಂದಾಗಿ ಹೊರಬಿದ್ದು ಮಣ್ಣಿನ ಹೆಂಟೆಗಳ ನಡುವೆ ಹೆಂಟೆಗಳಾದವು. ಸವಾರನೊಬ್ಬ ನೀರು ಕುಡಿಯಲು ತಲೆಯೆತ್ತಿದ. ಹುಲಗಪ್ಪ ಬೆದರಿದ ಕೂಗು ಹಾಕಿದ. ಹೊಲ ಹೊಲವಾಗಿಯೇ ಉಳಿಯಿತು. ಮಕ್ಕಳು ಕೂಡ ಅಲುಗಲಿಲ್ಲ. ಅಡಗಿದ್ದ ದಿನಗಳಲ್ಲೆಲ್ಲ ಕರೆವ್ವ ಅವರಿಗೆ ಇದೇ ಆಟ ಆಡಿಸಿದ್ದಳು.

ಕರಿಹೊಲ ಮುಗಿಯಿತು. ಗರಸಿನ ಅಂಚಿಗೆ ಬರುತ್ತಲೇ ಒಬ್ಬೊಬ್ಬರೂ ಮಲಗಿದಲ್ಲೇ ಉರುಳಿ ಕಂಬಳಿ ಮಗುಚಿಕೊಂಡರು. ಹಳ್ಳದ ಈ ದಂಡೆಯಿಂದ ನೋಡುತ್ತಿದ್ದ ನಿಜಲಿಂಗಪ್ಪನವರು ಬೊಮ್ಮಯ್ಯನ ಭುಜ ಹಿಡಿದುಕೊಂಡರು. "ಎಲ್ಲಿ ಹೋದರೋ? ಈಗ ಇದ್ದರಲ್ಲೋ!"

"ಅಲ್ಲೇ ಇದ್ದಾರೆ," ಎಂದ ಬೊಮ್ಮಯ್ಯ. ಅವನಿಗೂ ಕಾಣುತ್ತಿರಲಿಲ್ಲ.

ಇಳಿಜಾರಿನ ಅರ್ಧ ದಾಟಿದ್ದರು. ಅವರಿಗಿಂತ ಮುಂದೆ ತೆವಳಿ ಹೋಗಿದ್ದ ಹುಲಗಪ್ಪ ಮತ್ತೊಮ್ಮೆ ಕರೆಯುವ ಕೂಗು ಹಾಕಿದ. ಅದು ಎಷ್ಟು ಚೆನ್ನಾಗಿ ಬಂದಿತೆಂದರೆ, ಮರದ ಕೆಳಗಿದ್ದ ಸವಾರನೊಬ್ಬನ ಬಾಯಲ್ಲಿ ನೀರೂರಿತು. ಒಣರೊಟ್ಟಿ ತಿಂದು ಬೇಸತ್ತಿದ್ದ ಅವನು ಕೋವಿ ಎತ್ತಿಕೊಂಡು, "ಕವಜಗ! ಕವಜಗ ಐತಿ!" ಎಂದು ಇಳಿಜಾರಿನ ಕಡೆಗೆ ಹೊರಟ.

ಹಕ್ಕಿಯ ಎಲ್ಲ ಗುಣಗಳನ್ನು ಎಣಿಸಿದ್ದ ಹುಲಗಪ್ಪ, ಅದರ ಮಾಂಸ ಎಲ್ಲರಿಗೂ ರುಚಿ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೂಗು ನಿಲ್ಲಿಸಿದ. ಆದರೆ ಸವಾರ ಕೂಗು ಬಂದ ದಿಕ್ಕು ಹಿಡಿದಿದ್ದ. ಅವನಿಗೂ ಹುಲಗಪ್ಪನಿಗೂ ನಡುವೆ ಹೆಂಗಸರು ಮಲಗಿದ್ದರು. ಅವನ ಬೂಟು ಇನ್ನೇನು ದುರಗವ್ವನ ಕಂಬಳಿ ಮೆಟ್ಟಬೇಕು.

ಆಗ ಕರೆವ್ವ ಮಾಡಿದ್ದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಕೂಸನ್ನು ಮೆಲ್ಲಗೆ ಅತ್ತೆಯ ಕಂಬಳಿಯೊಳಗೆ ನೂಕಿ, ಒಂದಿಷ್ಟು ದೂರ ತೆವಳಿ ಹೋಗಿ, ಎದ್ದು ನಿಂತಳು. ಸವಾರ ಬೆಚ್ಚಿದ. ಬರಿಯ ನೆಲದಿಂದ ಹೆಣ್ಣೊಬ್ಬಳು ಎದ್ದುಬಂದಂತಿತ್ತು. ಕರೆವ್ವ "ಯಪ್ಪಾ!" ಎಂದು ಚೀರಿ, ಒಂದು ಕಾಲು ಎಳೆಯುತ್ತ, ಕುಂಟುತ್ತ, ಎಡವುತ್ತ, ಹೆಂಗಸರಿದ್ದ ಕಡೆ ಬಿಟ್ಟು ಓರೆಯಾಗಿ ಓಡತೊಡಗಿದಳು.

"ಅಕೀನ! ಬಾವುಟದಾಕಿ! ಹಿಡೀರಿ!" ಎಂದು ಸವಾರ ಕೂಗಿದ. ಮರದ ಕೆಳಗಿದ್ದವರು ಬುತ್ತಿ ಚೆಲ್ಲಿ ಕುದುರೆ ಏರಿದರು. ಕಾಲು ಉಳುಕಿದ ಹೆಂಗಸು, ಎಲ್ಲಿಗೆ ಹೋದಾಳು ಎಂದು ನಗುತ್ತಲೇ ಬಂದರು. ಅವರು ಹತ್ತಿರವಾದಂತೆ ಕರೆವ್ವ ಇನ್ನಷ್ಟು ಕುಂಟಿದಳು, ಒಮ್ಮೆ ಬಿದ್ದು ಎದ್ದಳು. ಪ್ರತಿ ಸಲವೂ ಅವಳು ಮಕ್ಕಳಿಂದ ಇನ್ನಷ್ಟು ದೂರ. ಕುದುರೆಗಳ ಉಸಿರು ಕೇಳುವಷ್ಟು ಹತ್ತಿರ ಬಂದಾಗ ಅವಳ ಕಾಲು ಒಮ್ಮೆಲೇ ನೆಟ್ಟಗಾಯಿತು. ಸೀರೆ ಕಚ್ಚೆ ಬಿಗಿದು, ಗುಡ್ಡದಲ್ಲಿ ಬೆಳೆದ ಹುಡುಗಿ ಓಡುವಂತೆ ಹಳ್ಳದ ಕಡೆಗೆ ಇಳಿದು ಓಡಿದಳು.

"ಬೊಮ್ಮಯ್ಯಾ!" ಎಂದು ನಿಜಲಿಂಗಪ್ಪ ಕೂಗುವ ಮೊದಲೇ ಬೊಮ್ಮಯ್ಯ ಬೆಂಕಿ ಇಟ್ಟಾಗಿತ್ತು. ಒಂದು ಬಣವೆಯಿಂದ ಇನ್ನೊಂದಕ್ಕೆ ಕೊಳ್ಳಿ ಹಿಡಿದು ಓಡಿದ. ಹಸಿ ಹುಲ್ಲಿನ ಹೊಗೆ ಮೊದಲು ದಪ್ಪನಾಗಿ ನೆಲಕ್ಕೇ ಕವಿಯಿತು. ಪಡುವಣ ಗಾಳಿ ಅದನ್ನು ಎತ್ತಿ ಹಳ್ಳದ ಮೇಲೆ ಹಾಯಿಸಿ ಆ ದಂಡೆಗೆ ಸುರಿಯಿತು. ಅದರ ಹಿಂದೆಯೇ ಮೆಣಸಿನಕಾಯಿಯ ಘಾಟು.

ಮುಂದಿನ ಕುದುರೆ ಹೊಗೆಗೆ ಮೂಗು ಕೊಟ್ಟದ್ದೇ ಎರಡು ಕಾಲ ಮೇಲೆ ನಿಂತಿತು. ಹಿಂದಿನವು ಅದಕ್ಕೆ ಡಿಕ್ಕಿ ಹೊಡೆದವು. ಸವಾರರು ಕೆಮ್ಮಿ ಕೆಮ್ಮಿ, ಕಣ್ಣೀರು ಸುರಿಸಿ, ಕಡಿವಾಣ ಬಿಟ್ಟು ಮುಖ ಮುಚ್ಚಿಕೊಂಡರು. ಯಾರು ಎಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಕರೆವ್ವ ಸೆರಗನ್ನು ಬಾಯಿಗೆ ಕಟ್ಟಿಕೊಂಡು ನೆಲಕ್ಕೆ ಬಿದ್ದಳು. ಕುದುರೆಯೊಂದು ಅವಳ ತಲೆಯ ಪಕ್ಕದಲ್ಲೇ ಹಾದುಹೋಯಿತು. ಅವಳು ಅಲುಗಲಿಲ್ಲ.

ಅದೇ ಹೊತ್ತಿಗೆ ಹುಲಗಪ್ಪ ಎದ್ದು ನಿಂತು, ಹಕ್ಕಿ ಕೂಗನ್ನು ಬಿಟ್ಟು ತನ್ನ ಕಂಠದಲ್ಲೇ ಕೂಗಿದ: "ಏಳ್ರಿ! ಓಡ್ರಿ! ಹಳ್ಳಕ್ಕ ಇಳೀರಿ!"

ಗರಸಿನ ನೆಲವೇ ಎದ್ದು ಓಡಿದಂತೆ ಕಂಬಳಿಗಳು ಎದ್ದವು. ದುರಗವ್ವ ಕೂಸನ್ನು ಎದೆಗೆ ಅವುಚಿಕೊಂಡು, ಆ ವಯಸ್ಸಿನಲ್ಲಿ ಎಲ್ಲರಿಗಿಂತ ಮುಂದೆ ಹಳ್ಳದ ಉಸುಕಿಗೆ ಇಳಿದಳು. ಮಕ್ಕಳು ಇಳಿದರು. ಹೆಂಗಸರು ಇಳಿದರು. ಅಮೃತವ್ವ ಮೊಣಕಾಲು ನೀರಿಗೆ ಬಂದು ಒಬ್ಬೊಬ್ಬರನ್ನೂ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡಳು. ಹುಲಗಪ್ಪ ನೀರಿನ ನಡುವೆ ನಿಂತು ಹೊಗೆಯ ಕಡೆಗೇ ನೋಡುತ್ತಿದ್ದ. ಹೊಗೆಯಿಂದ ಯಾರೂ ಬರಲಿಲ್ಲ. ತಿರುಗಿ ಹೋಗಲೆಂದು ಅವನು ಹೆಜ್ಜೆ ಎತ್ತಿದ.

ಅಷ್ಟರಲ್ಲಿ ಕೆಳಗಡೆಯ ತಿರುವಿನಲ್ಲಿ ನೀರು ಬಡಿದ ಸದ್ದಾಯಿತು. ಮುಖವೆಲ್ಲ ಮಸಿ, ಕಣ್ಣು ಕೆಂಪು, ಒಂದು ಕೈಯಲ್ಲಿ ಕಂಬಳಿ ಎಳೆದುಕೊಂಡು ಕರೆವ್ವ ಹಳ್ಳ ಹಾದು ಬರುತ್ತಿದ್ದಳು. ಓಡುತ್ತಿರಲಿಲ್ಲ, ನಡೆದೇ ಬರುತ್ತಿದ್ದಳು. ದಂಡೆ ಏರಿ, ಗಡಿಗಲ್ಲು ದಾಟಿ, ಕೆಮ್ಮಿ ಉಗುಳಿ, ಕೈ ಚಾಚಿದಳು.

"ನನ್ನ ಕೂಸು ಕೊಡ್ರಿ."

ಆಗ ಎದ್ದ ಕೂಗು ಅರ್ಧ ಮೈಲಿ ದೂರದ ಹೊಲಗಳಿಗೂ ಕೇಳಿಸಿತಂತೆ. ಆ ದಂಡೆಯಲ್ಲಿ ಸವಾರರು ಹೊಗೆಯಿಂದ ಹೊರಬಿದ್ದು, ಕಣ್ಣೊರೆಸಿಕೊಂಡು, ಗಡಿಗಲ್ಲಿನ ಈಚೆಗೆ ಹಾಯಲಾರದೆ ನಿಂತು ನೋಡಿದರು. ಕವಜಗ ಬೇಟೆಗೆ ಹೊರಟಿದ್ದವನು ಎಲ್ಲರಿಗಿಂತ ಹೆಚ್ಚು ಕೆಮ್ಮುತ್ತಿದ್ದ. ದುರಗವ್ವ ದಂಡೆಯ ಮೇಲೆ ಕುಳಿತೇ ಅವನಿಗೆ ಕೇಳುವಂತೆ ಕೂಗಿದಳು: "ಸ್ವಲ್ಪ ನೀರು ಕುಡಿಯಪಾ, ಘಾಟು ಇಳೀತೈತಿ!" ನಗೆಯ ಅಲೆಯೆದ್ದಿತು. ದಿನಗಟ್ಟಲೆ ಪಿಸುಗುಟ್ಟಿಕೊಂಡೇ ಇದ್ದ ಮಕ್ಕಳು ಗಂಟಲು ಹರಿಯುವಂತೆ ನಕ್ಕರು.

ಹುಲಗಪ್ಪ ನೇರ ಬೊಮ್ಮಯ್ಯನ ಹತ್ತಿರ ಹೋದ. ಬೊಮ್ಮಯ್ಯನ ಹುಬ್ಬು ಸುಟ್ಟಿತ್ತು, ಕೊಳ್ಳಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ.

"ಖರೇ ಹೇಳತೀನಿ," ಎಂದ ಹುಲಗಪ್ಪ. "ನನ್ನ ಹಕ್ಕಿ ಅಷ್ಟ ಇದ್ದಿದ್ದರ ಇವತ್ತು ನನ್ನ ತಂಗಿ ಸಿಗತಿದ್ದಿಲ್ಲ."

"ಬೊಂಡಾಸ ಅಷ್ಟೇ ಇದ್ದಿದ್ರೆ ಮಕ್ಕಳು ಸಿಗ್ತಿರ್ಲಿಲ್ಲ ಮಾರಾಯ," ಎಂದ ಬೊಮ್ಮಯ್ಯ. "ಮರಿ ಬಿಟ್ಟು ಹೋಗುವ ಜಾತಿ ಅದು. ನಿನ್ನ ತಂಗಿ ಮಾಡಿದ್ದನ್ನ ಕಡಲಲ್ಲಿ ಯಾವುದೂ ಮಾಡೂದಿಲ್ಲ." ಅಷ್ಟು ಹೇಳಿ ಕೊಳ್ಳಿಯನ್ನು ನೀರಿಗೆ ಎಸೆದು, ತಿರುಗಿ ನಿಂತು, ಘಾಟಿಗೆ ಕಣ್ಣೀರು ಬಂತೆಂದು ಮುಖ ಒರೆಸಿಕೊಂಡ. ಗಾಳಿ ಮಾತ್ರ ಆಚೆ ಕಡೆಗೇ ಬೀಸುತ್ತಿತ್ತು.

ಸುದ್ದಿ ಅವರಿಗಿಂತ ಮೊದಲೇ ಮುಂಡರಗಿ ಮುಟ್ಟಿತ್ತು. ಊರ ಹೊರಗೇ ಹಲಗೆಯವರು ಎದುರಾದರು. ಅಂಗಡಿಗಳನ್ನು ಅರ್ಧಕ್ಕೇ ಬಿಟ್ಟು ಜನ ರಸ್ತೆಯ ಎರಡೂ ಬದಿ ನಿಂತರು. ಕಂಬಳಿ ಹೊದ್ದೇ ಹೆಂಗಸರು ನಡೆದರು, ಕೆಲವರು ಕರಿಮೈ ಮೇಲೆ ಮಾಡಿ, ಕೆಲವರು ಕೆಂಪು ಮೇಲೆ ಮಾಡಿ. ಅಮೃತವ್ವ ಕಡಾಯಿಯಲ್ಲಿ ಗೋಧಿ ಹುಗ್ಗಿ ಕುದಿಸಿಟ್ಟು ಹೋಗಿದ್ದಳು. ಎಲೆಯ ಮುಂದೆ ಕುಳಿತ ಮಕ್ಕಳು ಮೊದಲು ಸುತ್ತ ನೋಡಿದವು, ಜೋರಾಗಿ ಮಾತಾಡಬಹುದೇ ಎಂಬಂತೆ. "ಉಣ್ರಿ, ಒದರಾಡ್ರಿ, ಯಾರೂ ಕೇಳಂಗಿಲ್ಲ," ಎಂದರು ನಿಜಲಿಂಗಪ್ಪ. ಆಮೇಲೆ ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ.

ಮರ್ದಾನಸಾಬ ಸಂಜೆಗೆ ಖಾಲಿ ಗಾಡಿ ಹೊಡೆದುಕೊಂಡು ನಾಕಾ ದಾಟಿ ಬಂದ. ನಾಕಾದವರು ಕಣ್ಣು ಕೆಂಪು ಮಾಡಿಕೊಂಡು ಕುಳಿತಿದ್ದರೆಂದೂ, ಯಾಕೆಂದು ತಾನು ಬಹಳ ಕಾಳಜಿಯಿಂದ ವಿಚಾರಿಸಿದೆನೆಂದೂ ಹೇಳಿದಾಗ ಹುಲಗಪ್ಪ ಉಣ್ಣುತ್ತಿದ್ದ ಹುಗ್ಗಿ ನೆತ್ತಿಗೇರಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನಿಜಾಮರ ಆಳಿಕೆ ಮುಗಿಯಿತು. ನಾಕಾದ ಅಡ್ಡಗಂಬವನ್ನು ಎರಡೂ ಕಡೆಯ ಜನ ಕೂಡಿ ಕಿತ್ತುಹಾಕಿದರು. ಜೈಲಿನ ಬಾಗಿಲು ತೆಗೆದ ಸುದ್ದಿ ಬಂತು. ಶಿಬಿರದವರೆಲ್ಲ ಊರಿಗೆ ಹೊರಟ ದಿನ ಮರ್ದಾನಸಾಬ ಗಾಡಿ ಹೂಡಿ ತಂದರೂ ಕರೆವ್ವ ಹತ್ತಲಿಲ್ಲ. ನಡೆದೇ ಹೋಗುತ್ತೇನೆಂದಳು.

ಹಳ್ಳದಲ್ಲಿ ನೀರು ತುಂಬಿತ್ತು. ಹೊಸ ಜೋಳ ಮೊಳಕಾಲೆತ್ತರ ಬಂದಿತ್ತು. ಕರೆವ್ವ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲಿಗೆ ಬಾವುಟ ಕಟ್ಟಿ ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ಪಕ್ಕದಲ್ಲಿ ದುರಗವ್ವ, ಹಿಂದೆ ಹಲಗೆಯವರು. ಊರ ಅಗಸಿಯಲ್ಲಿ ಒಬ್ಬ ಗಂಡಸು ನಿಂತಿದ್ದ. ಸೊರಗಿದ್ದ, ತಲೆ ಬೋಳಿಸಿದ್ದರು, ಅಂಗಿ ಅವನದಲ್ಲ. ದೂರದಿಂದ ಯಾರೆಂದು ಮೊದಲು ಗುರುತು ಹಿಡಿದವಳು ಅವನ ತಾಯಿ. ಕರೆವ್ವನ ಹೆಜ್ಜೆ ನಿಲ್ಲಲಿಲ್ಲ, ಬಾವುಟ ಕೆಳಗಿಳಿಯಲಿಲ್ಲ. ಹಾಗೇ ನಡೆದು ಹೋಗಿ ಗಂಡನ ಎದುರು ನಿಂತು, ಕೂಸನ್ನು ಅವನ ಕೈಗೆ ಕೊಟ್ಟು, "ತಗೋರಿ, ಈಕಿಗೆ ಹಲ್ಲು ಬಂದಾವ," ಎಂದು ಹೇಳಿ, ಬಾವುಟ ಹಿಡಿದೇ ಅಗಸಿಯೊಳಗಿನ ಚಾವಡಿಯ ಮೆಟ್ಟಿಲು ಹತ್ತತೊಡಗಿದಳು.